ಫಲಿತಾಂಶದವರೆಗೆ ಕಾಯುವ ಬೆಲೆಯೇರಿಕೆ

ಮಾನ್ಯರೇ,

ಚುನಾವಣೆಯ ವೇಳೆ ತಡೆಹಿಡಿದ ಇಂಧನ ಬೆಲೆಯೇರಿಕೆಯನ್ನು ಮತ ಎಣಿಕೆ ಮುಗಿದ ಮೇಲೆ ಒಟ್ಟಾಗಿ ಜನರ ಮೇಲೆ ಹೇರುವ ಪದ್ಧತಿ ನಿಲ್ಲಬೇಕು. 2021ರ ನವೆಂಬರ್ ಆರಂಭದಿಂದ ನಾಲ್ಕೂವರೆ ತಿಂಗಳು ತೈಲ ಕಂಪನಿಗಳು ಪೆಟ್ರೋಲ್, ಡೀಸೆಲ್ ದರವನ್ನು ಪರಿಷ್ಕರಿಸಲಿಲ್ಲ. ಉಕ್ರೇನ್ ಯುದ್ಧದಿಂದ ಕಚ್ಚಾತೈಲ ದುಬಾರಿಯಾದರೂ, ಐದು ರಾಜ್ಯಗಳ ಫಲಿತಾಂಶ 2022ರ ಮಾರ್ಚ್ 10ರಂದು ಹೊರಬಿದ್ದ ಬಳಿಕವಷ್ಟೇ, ಅಂದರೆ ಮಾರ್ಚ್ 22ರಿಂದ ಏರಿಕೆ ಆರಂಭವಾಗಿ, ಸುಮಾರು ಎರಡು ವಾರಗಳಲ್ಲಿ ಲೀಟರಿಗೆ 10 ರೂಪಾಯಿ ಹೆಚ್ಚಾಯಿತು. 2024ರ ಮಾರ್ಚ್ 15ರಂದು 2 ರೂಪಾಯಿ ಇಳಿಯಿತು. ಮರುದಿನವೇ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು. ಅಗ್ಗದ ಇಂಧನಕ್ಕಾಗಿ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವ ಕೇರಳದ ಮಂಜೇಶ್ವರದ ವಾಹನ ಸವಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಧಿಕಾರದಲ್ಲಿರುವವರು ಚುನಾವಣೆಗೆ ಮೊದಲು ಕೈಬಿಚ್ಚಿ, ಗೆದ್ದ ನಂತರ ಬಿಗಿಹಿಡಿಯುವ ಈ ಚಕ್ರವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ 1975ರಲ್ಲೇ ವಿವರಿಸಿದ್ದರು. ಇದಕ್ಕೆ ಪಕ್ಷಭೇದವಿಲ್ಲ. ಕೇರಳದಲ್ಲಿ ಸಾಮಾಜಿಕ ಭದ್ರತಾ ಪಿಂಚಣಿಯನ್ನು 1,600ರಿಂದ 2,000 ರೂಪಾಯಿಗೆ ಏರಿಸುವ ಘೋಷಣೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ, ಸ್ಥಳೀಯ ಸಂಸ್ಥೆಗಳ ಚುನಾವಣೆ ನಡೆದದ್ದು ಡಿಸೆಂಬರ್‌ನಲ್ಲಿ. ವೃದ್ಧರಿಗೆ ಆ ಹಣ ಬೇಡವೆಂದು ನಾನು ಹೇಳುತ್ತಿಲ್ಲ, ಅದು ತಡವಾಗಿಯೇ ಬಂತು. ಆದರೆ ಏರಿಕೆಯ ಕಾಲವನ್ನು ನಿರ್ಧರಿಸಬೇಕಾದದ್ದು ಜೀವನವೆಚ್ಚವೇ ಹೊರತು ಮತದಾನದ ದಿನಾಂಕವಲ್ಲ.

ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಿ ಪ್ರತಿವರ್ಷ ನಿಗದಿತ ತಿಂಗಳಲ್ಲಿ ಪರಿಷ್ಕರಿಸಲಿ. ಕೇಂದ್ರ ಸರ್ಕಾರ ನೇಮಿಸಿದ್ದ ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಶಿಫಾರಸು ಮಾಡಿದ ಸ್ವತಂತ್ರ ವಿತ್ತೀಯ ಮಂಡಳಿಯನ್ನು, ಅಂದರೆ ಸರ್ಕಾರದ ಹಣಕಾಸನ್ನು ಹೊರಗಿನಿಂದ ಪರಿಶೀಲಿಸುವ ಸಂಸ್ಥೆಯನ್ನು ಸ್ಥಾಪಿಸಲಿ; ಅದು ಪ್ರತಿ ಚುನಾವಣೆಗೆ ಮೊದಲು ಬೊಕ್ಕಸದ ಸ್ಥಿತಿಯ ವರದಿಯನ್ನು ಮತದಾರರ ಮುಂದಿಡಲಿ. ಕಾಸರಗೋಡಿನಲ್ಲಿ ಆ ವರದಿ ಕನ್ನಡದಲ್ಲೂ ದೊರೆಯಲಿ.

ಇತಿ,
ಓರ್ವ ಅಡಕೆ ಕೃಷಿಕ, ಬದಿಯಡ್ಕ