ಬೇಲಿ ಜಗಳ, ಚೆಕ್ಕು, ಕೈಸಾಲ: ಎಲ್ಲರೂ ಓದಿ

ನಮಸ್ಕಾರ. ಮಳೆ ಬಿಟ್ಟು ಬೇಲಿ ಕೆಲಸ ಶುರುವಾಗಿದೆ, ಗುಂಪಿನಲ್ಲಿ ದಿನಾ ಅದೇ ಪ್ರಶ್ನೆ. ಪಕ್ಕದ ತೋಟದವರು ಅಗಳ (ಗಡಿಯ ಕಂದಕ) ದಾಟಿ ನಮ್ಮ ಕಡೆ ಅಡಿಕೆ ಸಸಿ ನೆಟ್ಟಿದ್ದಾರೆ, ಸ್ಟೇಷನ್ನಿಗೆ ಹೋಗಬೇಕಾ?

ಹೊಡೆದಾಟ, ಬೆದರಿಕೆ ಆಗಿದ್ದರೆ ಖಂಡಿತ ಹೋಗಿ. ಆದರೆ ಗಡಿ ಯಾವುದು ಅಂತ ಪೊಲೀಸರು ತೀರ್ಮಾನ ಮಾಡುವಂತಿಲ್ಲ. ಮೊದಲು ಪಹಣಿ ತೆಗೆಸಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಸರ್ವೆಯರ್ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ. ಸರ್ವೆಯರ್ ಬಂದು ಅಳೆಯುವ ದಿನ ಎಷ್ಟೇ ಕೆಲಸ ಇದ್ದರೂ ಜಾಗದಲ್ಲೇ ಇರಿ, ಹಳೇ ಗಡಿಕಲ್ಲು ಎಲ್ಲಿತ್ತು ಅಂತ ಗೊತ್ತಿರುವ ಹಿರಿಯರನ್ನೂ ಕರೆದುಕೊಳ್ಳಿ. ಆಮೇಲೂ ಒಪ್ಪದಿದ್ದರೆ ಸಿವಿಲ್ ಕೋರ್ಟು. ಸಿಟ್ಟಿನಲ್ಲಿ ಸಸಿ ಮಾತ್ರ ಕೀಳಬೇಡಿ, ದಯವಿಟ್ಟು. ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಚೆಕ್ ಬೌನ್ಸ್ ಆದರೆ ಸುಮ್ನೆ ಕೂರಬೇಡಿ. ಚೆಕ್ ವಾಪಸಾಯಿತು ಅಂತ ಬ್ಯಾಂಕಿನ ಮೆಮೊ (ಚೀಟಿ) ಬಂದ 30 ದಿನದೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕಳಿಸಬೇಕು, ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಕ್ಕು ಬಿಡಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಪಹಣಿ, ಚೆಕ್ಕಿನ ಫೋಟೋ ಗುಂಪಿಗೆ ಹಾಕಬೇಡಿ, ವಕೀಲರಿಗೇ ತೋರಿಸಿ.