ಅಚ್ಚು ಒತ್ತಲು ಅಡುಗೆಮನೆಯೇ ಸಾಕು

ಮಾನ್ಯ ಸಂಪಾದಕರೇ,

ಮೂರನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗನ ಶಾಲೆಯಿಂದ ಈ ಸಲ ಬಂದ ಸಾಮಗ್ರಿಗಳ ಪಟ್ಟಿಯಲ್ಲಿ, ಕರಕುಶಲ ತರಗತಿಗೆಂದು ಹೂವು, ನಕ್ಷತ್ರ, ಚಿಟ್ಟೆಗಳ ಸಿದ್ಧ ರಬ್ಬರ್ ಅಚ್ಚುಗಳ ಡಬ್ಬಿಯೊಂದನ್ನು ಕಡ್ಡಾಯವಾಗಿ ತರಬೇಕೆಂದು ಬರೆದಿತ್ತು. ತಂದುಕೊಟ್ಟೆವು. ವಾರದೊಳಗೆ ಹುಡುಗ ಎಲ್ಲ ಅಚ್ಚುಗಳನ್ನೂ ಒತ್ತಿ ಮುಗಿಸಿ ಡಬ್ಬಿಯನ್ನು ಮೂಲೆಗೆ ಸರಿಸಿದ. ಅವನು ಮಾಡುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಚಿಟ್ಟೆಯನ್ನು ಬೇರೆ ಯಾರೋ ಮೊದಲೇ ಬಿಡಿಸಿಟ್ಟಿದ್ದರು.

ಅಚ್ಚೊತ್ತುವುದು ನಮಗೆ ಅಂಗಡಿಯಿಂದ ಬಂದ ವಿದ್ಯೆಯಲ್ಲ. ಗೋಕುಲಾಷ್ಟಮಿಯಂದು ಮುಷ್ಟಿಯ ಪಕ್ಕವನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೊತ್ತಿ, ಮೇಲೆ ಬೆರಳ ತುದಿಯಿಂದ ಐದು ಚುಕ್ಕೆಯಿಟ್ಟರೆ ಬಾಲಕೃಷ್ಣನ ಹೆಜ್ಜೆ ಮೂಡುತ್ತದೆ. ದೀಪಾವಳಿಯ ಗೋಪೂಜೆಗೆ ಜೇಡಿ, ಕೆಮ್ಮಣ್ಣು ಕಲಸಿ, ಲೋಟದ ಬಾಯಿ ಅದ್ದಿ, ದನಗಳ ಮೈತುಂಬ ಬಳೆ ಬಳೆಯಾಗಿ ಒತ್ತುವುದನ್ನು ನಮ್ಮ ಕಡೆಯ ಮಕ್ಕಳು ಈಗಲೂ ನೋಡುತ್ತಾರೆ. ಅದೇ ಕೆಲಸವನ್ನು ಕಾಗದದ ಮೇಲೆ ಮಾಡುವುದಕ್ಕೆ ಡಬ್ಬಿ ಏಕೆ ಬೇಕೆಂದು ನನಗೆ ತಿಳಿಯದು.

ರಜೆಯಲ್ಲಿ ಅವನನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡೆ. ಬೆಂಡೆಕಾಯಿಯ ತೊಟ್ಟಿನ ಭಾಗವನ್ನು ಅಡ್ಡಲಾಗಿ ಕತ್ತರಿಸಿ ಒತ್ತಿದರೆ ಐದೆಸಳಿನ ಹೂವು. ದೊಣ್ಣೆಮೆಣಸಿನಕಾಯಿಯಿಂದ ಮೂರೋ ನಾಲ್ಕೋ ಎಸಳಿನ ದಪ್ಪ ಹೂವು. ಈರುಳ್ಳಿಯಿಂದ ಒಂದರೊಳಗೊಂದು ಸುತ್ತು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಬಾಳೆ ಎಲೆಯ ದಂಟು: ಅರ್ಧಚಂದ್ರಾಕಾರ, ಅದರೊಳಗೆ ಸಾಲಾಗಿ ಗಾಳಿಗೂಡುಗಳು. ಊಟಕ್ಕೆ ಎಲೆ ಕೊಯ್ದು ದಂಟು ಎಸೆಯುವ ನಮ್ಮ ಮನೆಯಲ್ಲಿ ಅದನ್ನು ಅಲ್ಲಿಯವರೆಗೆ ಯಾರೂ ತಿರುಗಿಸಿ ನೋಡಿರಲಿಲ್ಲ. ಬೆಂಕಿಪೊಟ್ಟಣಕ್ಕೆ ದಾರ ಸುತ್ತಿ ಗೆರೆಗಳನ್ನೂ, ಹಳೆಯ ಚಕ್ಕುಲಿ ಒರಳಿನ ಬಿಲ್ಲೆಯಿಂದ ನಕ್ಷತ್ರಗಳನ್ನೂ ಒತ್ತಿದೆವು. ಬಣ್ಣ ತಗುಲಿದ ಬಿಲ್ಲೆ ಮತ್ತೆ ಅಡುಗೆಗೆ ಬರಬಾರದು, ಬಣ್ಣದ ತರಕಾರಿ ಚೂರುಗಳನ್ನು ಕಲಗಚ್ಚಿಗೆ ಹಾಕಬಾರದು ಎಂಬುದಷ್ಟೇ ಎಚ್ಚರಿಕೆ. ತಿನ್ನುವ ವಸ್ತುವನ್ನು ಬಣ್ಣಕ್ಕೆ ಅದ್ದುವುದೇ ಎಂದು ಹಿರಿಯರು ಗೊಣಗಿದರೆ ತಪ್ಪಿಲ್ಲ. ಆದ್ದರಿಂದಲೇ ತೊಟ್ಟು, ದಂಟುಗಳನ್ನು ಆರಿಸಿಕೊಂಡದ್ದು.

ಆಲೂಗಡ್ಡೆ ಒಂದನ್ನು ಮಾತ್ರ ಇಡಿಯಾಗಿ ಬಲಿಕೊಟ್ಟೆವು. ಮೊದಲ ಸಲ ಬಣ್ಣ ಜಾರಿ ಮುದ್ದೆಯಾಯಿತು, ಏಕೆಂದರೆ ಕತ್ತರಿಸಿದ ಮುಖದಲ್ಲಿ ನೀರು, ಪಿಷ್ಟ ಒಸರುತ್ತಲೇ ಇರುತ್ತದೆ. ಬಟ್ಟೆಯಿಂದ ಒತ್ತಿ ಒರೆಸಿದ ಮೇಲೆ, ಬಣ್ಣವನ್ನು ತಟ್ಟೆಯಿಂದ ನೇರವಾಗಿ ತೆಗೆದುಕೊಳ್ಳದೆ ಒದ್ದೆ ಸ್ಪಾಂಜಿಗೆ ಸವರಿ ಅಲ್ಲಿಂದ ಅದ್ದಿಕೊಂಡಾಗ ಅಂಚು ನೇರವಾಯಿತು. ತನ್ನ ಹೆಸರಿನ ಮೊದಲಕ್ಷರ ‘ನ’ ಬೇಕೆಂದು ಹಟ ಹಿಡಿದ. ಕೊರೆದು ಒತ್ತಿದರೆ ಅಕ್ಷರ ಬೆನ್ನು ತಿರುಗಿಸಿ ನಿಂತಿತ್ತು. ಆಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಿಯ ಮುಂದೆ ಹೋಗಿ ನೋಡಿಬಂದ. ತೆಳು ಕಾಗದದ ಮೇಲೆ ಸ್ಕೆಚ್ ಪೆನ್ನಿನಿಂದ ಅಕ್ಷರ ಬರೆದು, ಶಾಯಿ ಆರುವ ಮೊದಲೇ ಬೋರಲಾಗಿ ಆಲೂಗಡ್ಡೆಯ ಮೇಲೆ ಒತ್ತಿದಾಗ ತಿರುಗುಮುರುಗಾದ ಗುರುತು ತಾನಾಗಿ ಮೂಡಿತು. ಅದರ ಸುತ್ತ ನಾನು ಚಾಕುವಿನಿಂದ ಕೊರೆದುಕೊಟ್ಟೆ. ಈಗ ಅವನ ಪುಸ್ತಕಗಳಿಗೆ ಹಾಕಿದ ಕಂದು ಕಾಗದದ ಬೈಂಡುಗಳ ಮೇಲೆಲ್ಲ ಆ ‘ನ’ ಇದೆ.

ಬಣ್ಣವನ್ನೂ ಕೊಳ್ಳಲಾಗದವರು ಅರಿಸಿನ ಕಲಸಿ ಹಳದಿಯನ್ನೂ, ಅದಕ್ಕೆ ಚಿಟಿಕೆ ಸುಣ್ಣ ಬೆರೆಸಿ ಕೆಂಪನ್ನೂ ಮಾಡಿಕೊಳ್ಳಬಹುದು. ಬಿಸಿಲಿಗೆ ಅರಿಸಿನ ಮಾಸುತ್ತದೆ, ನಿಜ. ಮಕ್ಕಳ ಶುಭಾಶಯ ಪತ್ರಕ್ಕೆ ಅಷ್ಟು ಬಾಳಿಕೆ ಸಾಕು.

ಶಾಲೆಗಳು ಮುಂದಿನ ವರ್ಷದ ಪಟ್ಟಿಯಲ್ಲಿ ಅಚ್ಚಿನ ಡಬ್ಬಿಯನ್ನು ಕೈಬಿಟ್ಟು, ಒಂದು ಸ್ಪಾಂಜು ಮತ್ತು ಎರಡು ಬಣ್ಣ ಎಂದಷ್ಟೇ ಬರೆಯಲಿ ಎಂದು ನನ್ನ ಕೋರಿಕೆ. ಹಾಳೆಯ ಕೆಳಗೆ ಮೆತ್ತಗೆ ಏನಾದರೂ ಹಾಸಿದರೆ ಅಚ್ಚು ಪೂರ್ತಿ ಮೂಡುತ್ತದೆ. ಅದಕ್ಕೆ ನಿಮ್ಮ ಹಳೆಯ ಸಂಚಿಕೆಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿವೆ.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಸಾಗರ, ಶಿವಮೊಗ್ಗ ಜಿಲ್ಲೆ