ಚಂದ್ರನ ತಲೆಗೆ ಕಟ್ಟಬೇಡಿ

ಸಂಪಾದಕರಿಗೆ ನಮಸ್ಕಾರ.

ಶನಿವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಗಲ್ಲಿಗೆ ನೀರು ನುಗ್ಗಿದ ಸುದ್ದಿ ಓದಿದೆ. ಫೋಟೋದಲ್ಲಿ ಲುಂಗಿ ಮೇಲೆತ್ತಿ ಕಟ್ಟಿ, ತಲೆಯ ಮೇಲೆ ಅಕ್ಕಿ ಚೀಲ ಹೊತ್ತು ನಿಂತವನು ನಾನೇ. ಅದಕ್ಕೆ ಬೇಜಾರಿಲ್ಲ. ಬೇಜಾರು ಫೋಟೋದ ಕೆಳಗಿನ ಎರಡು ಸಾಲಿನದ್ದು. ನೀರು ಯಾಕೆ ನಿಂತಿತು ಅಂತ ನಿಮ್ಮ ವರದಿಗಾರರು ಕೇಳಿದ್ದಕ್ಕೆ ಪಾಲಿಕೆಯ ಸಾಹೇಬರು ಹೇಳಿದ್ದು ಹೀಗಂತೆ: ಅಮಾವಾಸ್ಯೆಯ ಉಬ್ಬರ ಇತ್ತು, ಚಂದ್ರನ ಗುರುತ್ವಾಕರ್ಷಣೆ ಜಾಸ್ತಿ ಇತ್ತು, ಪ್ರಕೃತಿಯ ಎದುರು ಯಾರೇನು ಮಾಡಲಿಕ್ಕಾಗುತ್ತದೆ.

ಇಪ್ಪತ್ತೆಂಟು ವರ್ಷ ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು ಬಂದ ಹುಡುಗರು ನಿದ್ದೆಗಣ್ಣಿನಲ್ಲೂ ಇದಕ್ಕಿಂತ ಒಳ್ಳೆಯ ಉತ್ತರ ಬರೆಯುತ್ತಿದ್ದರು.

ಅವತ್ತು ಆದದ್ದು ಇಷ್ಟು. ಊರಲ್ಲಿ ಈ ಅಮಾವಾಸ್ಯೆಗೆ ನಾವು ಆಟಿ ಅಮಾವಾಸ್ಯೆ ಅನ್ನುತ್ತೇವೆ, ಬೆಳಿಗ್ಗೆ ಎದ್ದು ಪಾಲೆ ಮರದ ಕಹಿ ಕಷಾಯ ಕುಡಿಯುತ್ತೇವೆ. ಇಲ್ಲಿನವರು ಗಟಾರಿ ಅನ್ನುತ್ತಾರೆ. ಈ ಸಲ ಮಾರನೇ ದಿನ ಗಟಾರವೇ ಮನೆಗೆ ಬಂತು. ಊರಿನ ಬಸ್ಸಿನಲ್ಲಿ ಹಾಕಿಸಿಕೊಂಡ ಕುಚ್ಚಲಕ್ಕಿಯ ಮೂಟೆ ಬುಡದಿಂದ ಒದ್ದೆ. ಅಕ್ಕ ಕಳಿಸಿದ ಹಲಸಿನ ಹಪ್ಪಳದ ಡಬ್ಬಿ ತೇಲುತ್ತಾ ಪಕ್ಕದ ಖೋಲಿಗೆ ಹೋಗಿ, ಅವರ ಒಂದು ಚಪ್ಪಲಿ ಜೊತೆ ಮಾಡಿಕೊಂಡು ವಾಪಸ್ ಬಂತು. ಫ್ರಿಜ್ ಸತ್ತಿತು. ಮೆಕ್ಯಾನಿಕ್ 4,200 ರೂಪಾಯಿ ಹೇಳಿದ್ದಾನೆ, ಅದೂ 'ಗ್ಯಾರಂಟಿ ಇಲ್ಲ ಮಾಸ್ತರ್' ಅಂತ ಸೇರಿಸಿ. ಕೆಸರಲ್ಲಿ ಕಾಲು ಜಾರಿ ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಮಾಸ್ತರ್ ಬುದ್ಧಿ ಹೋಗಲ್ಲ ನೋಡಿ. ನೀರು ಹೊಸ್ತಿಲು ದಾಟುತ್ತಿದ್ದ ಹಾಗೆ ಪೆನ್ಸಿಲ್ ತೆಗೆದು ಗೋಡೆಗೆ ಗೆರೆ ಎಳೆದೆ, ಪಕ್ಕದಲ್ಲಿ ಹೊತ್ತು ಬರೆದೆ. "ಮನೆ ಮುಳುಗ್ತಾ ಉಂಟು, ನೀವು ಗೋಡೆ ಗೀಚ್ತಾ ಕೂತಿದ್ದೀರಲ್ಲಾ ಮಾರಾಯ್ರೆ" ಅಂತ ಹೆಂಡತಿಯ ಕೈಯಲ್ಲಿ ಬೈಸಿಕೊಂಡೆ. ಆ ಗೆರೆಗಳೇ ಈಗ ನನ್ನ ಸಾಕ್ಷಿ.

ಸಮುದ್ರದ ಭರತ, ಅಂದರೆ ಉಬ್ಬರ, ಅವತ್ತು ಮಧ್ಯಾಹ್ನ 12.50ಕ್ಕೆ. ಇದು ನಿಮ್ಮ ಪತ್ರಿಕೆಯಲ್ಲೇ ಹಿಂದಿನ ದಿನ ಬಂದಿತ್ತು. ಇಳಿತ ಸಂಜೆ ಏಳರ ಸುಮಾರಿಗೆ. ಭರತ ಏರಿದಾಗ ಗಟಾರದ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗೆ ಬೀಳುತ್ತದೆ, ಮಳೆ ನೀರು ಹೊರಗೆ ಹೋಗುವುದಿಲ್ಲ. ಅಷ್ಟು ಹೊತ್ತಿನ ಮಟ್ಟಿಗೆ ಸಾಹೇಬರ ಮಾತು ಸರಿ. ಮೂರು ಗಂಟೆಗೆ ಮಳೆಯೂ ನಿಂತಿತು. ಏಳು ಗಂಟೆಗೆ ಸಮುದ್ರ ದೂರ ಸರಿದು ದಡದ ಬಂಡೆ ಎಲ್ಲಾ ಕಾಣುತ್ತಿದ್ದವಂತೆ. ನನ್ನ ಗೋಡೆಯಲ್ಲಿ ನೀರು ಇಳಿದದ್ದು ಎಷ್ಟು? ಎರಡು ಬೆರಳು. ರಾತ್ರಿ ಹನ್ನೊಂದಕ್ಕೂ ನಾವು ಮಂಚದ ಮೇಲೆ ಕಾಲು ಮಡಚಿ ಕೂತೇ ಇದ್ದೆವು. ಚಂದ್ರ ತನ್ನ ಕೆಲಸ ಮುಗಿಸಿ ಹೋಗಿ ಆಗಿತ್ತು. ನೀರನ್ನು ಹಿಡಿದು ನಿಲ್ಲಿಸಿದ್ದು ಯಾರು? ಮರುದಿನ ಪಕ್ಕದ ಮನೆಯ ಹುಡುಗರು ಕೋಲು ಹಾಕಿ ಕೆದಕಿದಾಗ ಗಟಾರದ ಜಾಲರಿಯಿಂದ ಬಂದದ್ದು ಥರ್ಮೋಕೋಲು, ಎಳನೀರಿನ ಚಿಪ್ಪು, ಒಂದು ಇಡೀ ದಿಂಬು. ದಿಂಬನ್ನೂ ಚಂದ್ರನೇ ತುರುಕಿದನಾ?

ಇನ್ನು ಗುರುತ್ವಾಕರ್ಷಣೆ. ಚಂದ್ರ ನೀರನ್ನು ಎಳೆಯುವುದು ಅಂದರೆ ಬಾವಿಯಿಂದ ಕೊಡಪಾನ ಎಳೆದ ಹಾಗಲ್ಲ. ತನ್ನ ಕಡೆಗಿರುವ ಬದಿಯನ್ನು ತುಸು ಜಾಸ್ತಿ ಎಳೆಯುತ್ತಾನೆ, ಆಚೆ ಬದಿಯನ್ನು ತುಸು ಕಮ್ಮಿ. ಆ ವ್ಯತ್ಯಾಸದಿಂದ ಭರತ. ವ್ಯತ್ಯಾಸವೋ, ಭೂಮಿಯ ಎಳೆತದ ಕೋಟಿಯಲ್ಲಿ ಒಂದು ಪಾಲು. 60 ಕಿಲೋ ತೂಗುವ ನನ್ನ ಮಟ್ಟಿಗೆ ಒಂದು ಅಕ್ಕಿಕಾಳಿನ ಭಾರವೂ ಅಲ್ಲ. ಇಡೀ ಸಮುದ್ರ ಕೈಗೆ ಸಿಕ್ಕಿದರೆ ಅಷ್ಟೇ ಸಾಕು, ದೊಡ್ಡ ಅಲೆ ಏಳುತ್ತದೆ. ಎರಡಡಿ ಅಗಲದ ಗಟಾರದಲ್ಲಿ ಏಳುವುದಿಲ್ಲ. ಅಮಾವಾಸ್ಯೆಯಂದು ಚಂದ್ರನ ಶಕ್ತಿ ಜಾಸ್ತಿ ಆಗುವುದೂ ಇಲ್ಲ. ಸೂರ್ಯ, ಚಂದ್ರ ಒಂದೇ ಸಾಲಿಗೆ ಬರುತ್ತಾರೆ, ಇಬ್ಬರ ಎಳೆತ ಕೂಡುತ್ತದೆ ಅಷ್ಟೇ. ಸೂರ್ಯ ಅಷ್ಟು ದೊಡ್ಡವನಾದರೂ ದೂರದವನು, ಅವನ ಪಾಲು ಚಂದ್ರನ ಅರ್ಧಕ್ಕೂ ಸ್ವಲ್ಪ ಕಮ್ಮಿ. ಹಾಗಿದ್ದ ಮೇಲೆ ಸೂರ್ಯನನ್ನು ಯಾಕೆ ಬಿಟ್ಟಿರಿ? ಅವನ ಮೇಲೂ ಒಂದು ಕೇಸು ಹಾಕಿ.

ಅದೇ ಚಂದ್ರ ಮಂಗಳೂರಿನಲ್ಲೂ ಇದ್ದಾನೆ. ಅಲ್ಲಿ ನೀರು ಎರಡು ಮೀಟರಿನೊಳಗೇ ಏರಿ ಇಳಿಯುತ್ತದೆ. ಮುಂಬಯಿಯಲ್ಲಿ ನಾಲ್ಕೂವರೆ ಮೀಟರು ದಾಟುತ್ತದೆ, ಭಾವನಗರದ ಕಡೆ ಹತ್ತು ಮೀಟರಿನ ಆಸುಪಾಸು. ಅದು ಸಮುದ್ರದ ತಳ, ಕೊಲ್ಲಿಯ ಆಕಾರದ ಆಟ. ಹಾಗಾಗಿ ಊರಿಗೆ ತಕ್ಕ ಗಟಾರ ಕಟ್ಟಬೇಕು. ಬ್ರಿಟಿಷರ ಕಾಲದ ಗಟಾರಕ್ಕೆ ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕ. ಕೇಳಿದರೆ ಎಲ್ಲರೂ 2005ರ ಜುಲೈ 26ರ 944 ಮಿ.ಮೀ. ಬಾಯಿಪಾಠ ಒಪ್ಪಿಸುತ್ತಾರೆ. ಸ್ವಾಮಿ, ಮೊನ್ನೆ ಬಿದ್ದದ್ದು ಅದರ ಹತ್ತನೇ ಒಂದು ಪಾಲೂ ಅಲ್ಲ.

ಒಂದು ವಿಷಯಕ್ಕೆ ಸಾಹೇಬರನ್ನು ಮೆಚ್ಚಬೇಕು. ಭರತಕ್ಕೂ ಚಂದ್ರನಿಗೂ ಸಂಬಂಧ ಇಲ್ಲ, ಭೂಮಿ ತಿರುಗುವುದರಿಂದಲೇ ನೀರು ತುಳುಕುತ್ತದೆ ಅಂತ ಗೆಲಿಲಿಯೊ 1632ರಲ್ಲಿ ಬರೆದ. ಚಂದ್ರನನ್ನು ನಂಬಿದ ಖಗೋಳಜ್ಞ ಕೆಪ್ಲರನಿಗೆ ಚುಚ್ಚಿಯೂ ಬಿಟ್ಟ. 1687ರಲ್ಲಿ ನ್ಯೂಟನ್ ಬಂದು ಲೆಕ್ಕ ಸರಿ ಮಾಡಿದ. ಅಂದರೆ ನಮ್ಮ ಸಾಹೇಬರು ಈ ಒಂದು ವಿಷಯದಲ್ಲಿ ಗೆಲಿಲಿಯೊಗಿಂತ ಮುಂದೆ!

ಆದರೆ ನ್ಯೂಟನ್ನನ ಲೆಕ್ಕ ಗೊತ್ತಿದ್ದರೆ ಇನ್ನೊಂದೂ ಗೊತ್ತಿರಬೇಕಲ್ವಾ? ಚಂದ್ರ ಹೇಳದೆ ಕೇಳದೆ ಬರುವವನಲ್ಲ. ಇಲ್ಲೇ ಮುಂಬಯಿಯ ಅಪೋಲೋ ಬಂದರಿನಲ್ಲಿ 1878ರಿಂದ ಸಮುದ್ರದ ಮಟ್ಟ ಅಳೆದು ಬರೆದಿಟ್ಟಿದ್ದಾರೆ. ಇಂಡಿಯಾದ ಬಂದರುಗಳ ಭರತದ ಹೊತ್ತು ಮುಂಚೆಯೇ ತಿಳಿಯಲಿ ಅಂತ 1879ರಲ್ಲಿ ಇಂಗ್ಲೆಂಡಿನಲ್ಲಿ ಚಕ್ರ-ಹಗ್ಗಗಳ ಒಂದು ಯಂತ್ರವನ್ನೇ ಮಾಡಿಸಿದ್ದರು. ಈಗ ಇಡೀ ವರ್ಷದ ಪಟ್ಟಿ ಮೊದಲೇ ಅಚ್ಚಾಗಿ ಬರುತ್ತದೆ, ನಿಮಿಷದ ಸಮೇತ. ಅಷ್ಟು ಮುಂಚೆ ನೋಟಿಸ್ ಕೊಟ್ಟು ಬರುವ ನೆಂಟ ನನಗೆ ಬೇರೆ ಯಾರೂ ಇಲ್ಲ. 8.12ರ ಲೋಕಲ್ ಕೂಡ ಹಾಗೆ ಬರಲ್ಲ.

ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರು ದೂರ ಹೋಗುತ್ತಿದ್ದಾನೆ, ಗೊತ್ತಾ? ಭರತದ ತಿಕ್ಕಾಟದಿಂದ ಭೂಮಿಯ ತಿರುಗಾಟದ ಶಕ್ತಿ ಸೋರುತ್ತದೆ, ಅದರಲ್ಲೊಂದು ಪಾಲು ಅವನನ್ನು ಆಚೆ ನೂಕುತ್ತದೆ. 1969ರಲ್ಲಿ ಅಲ್ಲಿಟ್ಟು ಬಂದ ಕನ್ನಡಿಗೆ ಲೇಸರ್ ಬಿಟ್ಟು ಅಳೆದದ್ದು. ದಿನವೂ ನೂರು ವರ್ಷಕ್ಕೆ ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನಷ್ಟು ಉದ್ದ ಆಗುತ್ತಿದೆ. ಗಟಾರ ತೆಗೆಯಲು ಟೈಮ್ ಸಾಲುವುದಿಲ್ಲ ಅನ್ನುವವರು ಬಹುಶಃ ಅದಕ್ಕೇ ಕಾಯುತ್ತಿದ್ದಾರೆ.

ಪಾಲಿಕೆಯವರ ಹತ್ತಿರ ಇದು ಮೊದಲನೇ ಸಲವೂ ಅಲ್ಲ. ನಮ್ಮ ನಾಕಾದ ಮ್ಯಾನ್‌ಹೋಲ್ ಮುಚ್ಚಳ ಕಳವಾದಾಗ ಒಂದು ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿ ಹೋದರು. ಎರಡು ವರ್ಷ ಆಯಿತು, ಬಟ್ಟೆ ಬಿಳಿಯಾಗಿದೆ. ನಳದ ಬಿಲ್ಲು ತೀರಿಹೋದ ನನ್ನ ತಂದೆಯ ಹೆಸರಿನಲ್ಲೇ ಬರುತ್ತಿದೆ. ಹೆಸರು ಬದಲಿಸಿ ಅಂತ ಹೋದರೆ ಮೂರನೇ ಕಿಟಕಿಯಿಂದ ಏಳಕ್ಕೆ, ಏಳರಿಂದ ಊಟದ ಬಿಡುವಿಗೆ. ಬಿಲ್ಲಿನಲ್ಲಿ ಹೆಸರಿರುವವರೇ ಬಂದು ಸಹಿ ಮಾಡಬೇಕು ಅಂತ ಒಬ್ಬರು ಹೇಳಿದರು. ಅವರನ್ನು ಕರೆಸುವ ದಾರಿ ನನಗೆ ಗೊತ್ತಿಲ್ಲ ಅಂದೆ, ಸಿಟ್ಟು ಬಂತು ಅವರಿಗೆ.

ನನ್ನ ಬೇಡಿಕೆ ಇಷ್ಟೇ. ಆ ಜಾಲರಿ ತೆಗೆಸಿ, ಗಟಾರ ಪೂರ್ತಿ ಬಳಿಸಲಿ. ಇಲ್ಲಾ, ಮುಂದಿನ ಹುಣ್ಣಿಮೆ ಮಧ್ಯಾಹ್ನ (ಅವತ್ತೂ ದೊಡ್ಡ ಭರತವೇ) ಸಾಹೇಬರು ನಮ್ಮ ಖೋಲಿಗೆ ಊಟಕ್ಕೆ ಬರಲಿ, ಒದ್ದೆ ಅಕ್ಕಿಯ ಗಂಜಿ ಇದೆ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಫ್ರಿಜ್ಜಿನ ದುಡ್ಡು ಯಾರು ಕೊಡುತ್ತಾರೆ ಅಂತಲೂ ಯಾರಾದರೂ ಹೇಳಲಿ. ಅದು ಆಗದಿದ್ದರೆ ಕಡೇಪಕ್ಷ ವಿಜ್ಞಾನದ ಸುದ್ದಿಗೆ ಬರದೆ ಸುಮ್ನೆ ಇರಲಿ.

ಹೆಸರು ಹಾಕಬೇಡಿ. ನಳದ ನೀರು ನಿಲ್ಲಿಸಿಬಿಟ್ಟಾರು.

ಫೋಟೋದಲ್ಲಿದ್ದ ಲುಂಗಿಯವನು,
ಮುಂಬಯಿ